ಎಳ್ಳಮಾಸೆಯ ಸ್ಪೀಡ್ ಬೋಟು

ಪಕ್ಕದ ಮನೆಯವರು ಕಳೆ ಕೊಚ್ಚುವ ಮಷಿನ್ನು ತರಿಸಿದ್ದಾರೆ. ಅದರ ಗದ್ದಲವನ್ನು ಹೇಗೋ ಸಹಿಸಬಹುದು. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಆ ನೀಲಿ ಹೊಗೆ ಕಾಂಪೌಂಡು ದಾಟಿ ಬಂದು ಮೂಗಿಗೆ ತಾಗಿದರೆ ಸಾಕು, ನನಗೆ ಹೊಟ್ಟೆ ತೊಳಸುತ್ತದೆ. ಹಿಂದೆಯೇ ಎದೆಯ ಎಡಭಾಗದಲ್ಲಿ ಒಂದು ಸಣ್ಣ ಉರಿ. ಮೊದಲನೆಯದು ಸಮುದ್ರದ್ದು, ಎರಡನೆಯದು ನನ್ನ ಷಡ್ಡಕ ಸುಬ್ರಾಯನದ್ದು. ಎರಡು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ, ದೀಪಾವಳಿಯ ದೊಡ್ಡಹಬ್ಬದಿಂದ ಎಳ್ಳಮಾಸೆಯವರೆಗೆ, ಈ ಎರಡೂ ಒಟ್ಟಿಗೇ ನನ್ನೊಳಗೆ ಮನೆ ಮಾಡಿದವು.

ನಾನು ಶಿರಸಿಯಲ್ಲಿ ವಿಮೆ ಏಜೆಂಟ. ಹೆದರಿಕೆ ನನಗೆ ಹುಟ್ಟುಗುಣವೂ ಹೌದು, ಹೊಟ್ಟೆಪಾಡೂ ಹೌದು. ಬೇರೆಯವರ ಮನೆಯ ಜಗಲಿಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತಾ, ಅವರಿಗೆ ಆಗಬಹುದಾದ ಅನಾಹುತಗಳನ್ನೆಲ್ಲ ಒಂದೊಂದಾಗಿ ನೆನಪಿಸುವುದು ನನ್ನ ಕಸುಬು. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇವೆಯೇ ಎಂದು ನೋಡಲು ಊರಾಚೆಯ ಚಿಪಗಿ ದಾಟಿದವನು ತಿರುಗಿ ಬಂದದ್ದಿದೆ. ಬಂದ್ ಇತ್ತು. ಆಮೇಲೆ ಮುಟ್ಟಿ ನೋಡುವಾಗ ನಾನೇ ತಿರುವಿಬಿಟ್ಟೆನೇನೋ ಎಂದು ದಾರಿಯುದ್ದಕ್ಕೂ ಚಿಂತೆ ಮಾಡಿದ್ದೂ ಇದೆ.

ಸುಬ್ರಾಯ ಯಲ್ಲಾಪುರದವನು. ನನ್ನ ಹೆಂಡತಿ ಶೈಲಾಳ ಅಕ್ಕ ಸುಮಂಗಲಳ ಗಂಡ. ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದಾನೆ. ನನಗಿಂತ ಆರೇಳು ವರ್ಷ ದೊಡ್ಡವನು, ನೋಡಿದರೆ ಸಣ್ಣವನು. ಒಂದೇ ಕೈಯಲ್ಲಿ ಕಾರು ಓಡಿಸುತ್ತಾನೆ, ಇನ್ನೊಂದು ಕೈಯಲ್ಲಿ ಎಲೆಅಡಿಕೆ ಕವಳ ಹಾಕುತ್ತಾನೆ. ಅವನಿಗೆ ಒಂದು ಪಾಲಿಸಿ ಮಾರಬೇಕೆಂದು ನಾನು ಮದುವೆಯಾದಂದಿನಿಂದ ಒದ್ದಾಡುತ್ತಿದ್ದೇನೆ. "ಸಾಯ್ತೆ ಹೇಳಿ ಯಂಗೆ ಇನ್ನೂ ನಂಬಿಕೆ ಬಂಜಿಲ್ಲೆ ಮಾರಾಯ, ಬಂದಾಗ ಹೇಳ್ತೆ" ಅನ್ನುತ್ತಾನೆ.

ಅಣ್ಣತಮ್ಮಂದಿರ ಮತ್ಸರಕ್ಕೆ ರಕ್ತದ ಕಾರಣವಾದರೂ ಇರುತ್ತದೆ. ಷಡ್ಡಕರ ಮತ್ಸರಕ್ಕೆ ಅದೂ ಇಲ್ಲ. ಎಲ್ಲಿಯವರೋ ಇಬ್ಬರನ್ನು ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಮಣೆ ಹಾಕಿ ಕೂರಿಸಿ, ಒಬ್ಬನ ಎಲೆಗೆ ಮೊದಲು ತುಪ್ಪ ಬಡಿಸಿದರೆ ಆಯಿತು, ಜೀವನಪೂರ್ತಿ ಸಾಕಾಗುವಷ್ಟು ಹುಟ್ಟಿಕೊಳ್ಳುತ್ತದೆ. ಸಿದ್ದಾಪುರದ ದೊಡ್ಮನೆ ಕಡೆಯ ನಮ್ಮ ಅತ್ತೆಮನೆಯಲ್ಲಿ ತುಪ್ಪ ಮೊದಲು ಸುಬ್ರಾಯನಿಗೆ. ಹಿರಿಯ ಅಳಿಯ, ಸರಿ. ಎರಡನೇ ಸಲದ ತುಪ್ಪವೂ ಅವನಿಂದಲೇ ಶುರುವಾಗುತ್ತದಲ್ಲ, ಅದಕ್ಕೆ ಯಾವ ಶಾಸ್ತ್ರ?

ಆ ವರ್ಷದ ದೊಡ್ಡಹಬ್ಬದ ಊಟದಲ್ಲಿಯೇ ಅವನು ಬೋಟಿನ ಸುದ್ದಿ ತೆಗೆದದ್ದು.

"ಕುಮಟೆ ಬದಿಗೆ ಒಬ್ಬ ಸ್ಪೀಡ್ ಬೋಟ್ ಇಟ್ಟಿದ್ದ. ದ್ವೀಪ ತೋರಿಸ್ತ, ನಡುವೆ ಈಜಲೆ ಬಿಡ್ತ. ಬೆಳಗ್ಗೆ ಹೋದ್ರೆ ಸಂಜೆಗೆ ವಾಪಸ್. ಎಲ್ಲರೂ ಹೋಪನ."

ನಾನು ಹೋಳಿಗೆ ಮುರಿಯುತ್ತಾ, "ಸಮುದ್ರದಲ್ಲಿ ಈಜೂದು ಯಾರು? ನೀನೊಬ್ಬವ" ಅಂದೆ.

"ಆನೊಬ್ಬವ ಎಂತಕ್ಕೆ? ಶೈಲಾ ಇಲ್ಯಾ?"

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಬಡಿಸಲು ಪಾಯಸ ಹಿಡಿದು ನಿಂತಿದ್ದ ಶೈಲಾ ಸೌಟನ್ನು ನೋಡುತ್ತಿದ್ದಳು.

"ನಿಂಗೆ ಗೊತ್ತಿಲ್ಯನ?" ಸುಬ್ರಾಯ ನನ್ನ ಕಡೆ ತಿರುಗಿದ. "ಯನ್ನ ಮದುವೆ ಆದ ವರ್ಷ ನೋಡಕಾಗಿತ್ತು. ಈ ಮನೆ ಹಿಂದಿನ ಕೆರೆ ಇದ್ದಲ್ಲ, ಆಚೆ ದಡದಿಂದ ಈಚೆ ದಡಕ್ಕೆ, ಕೈ ಬಡಿದ ಶಬ್ದ ಇಲ್ಲೆ, ಎಂತ ಇಲ್ಲೆ. ಒಳ್ಳೆ ನೀರುನಾಯಿ ಹೋದಾಂಗೆ. ಆನೇ ಸೋತೋದಿ."

ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಈಜು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಬದನೆಕಾಯಿ ಆಗುವುದಿಲ್ಲ, ಬಲಗಿವಿಯಲ್ಲಿ ಸ್ವಲ್ಪ ಮಂದ, ಗುಡುಗಿಗೆ ಹೆದರುವುದಿಲ್ಲ, ಹಲ್ಲಿಗೆ ಹೆದರುತ್ತಾಳೆ, ಇವೆಲ್ಲ ಗೊತ್ತು. ಯಲ್ಲಾಪುರದ ಪಂಪ್‌ಸೆಟ್ಟಿನವನಿಗೆ ಗೊತ್ತಿರುವ ಒಂದು ಶೈಲಾ ನನಗೆ ಗೊತ್ತಿಲ್ಲ.

ತಿರುಗಿ ಬರುವಾಗ ಕಾರಿನಲ್ಲಿ ಕೇಳಿದೆ. "ಯಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

"ನೀವು ಕೇಳಿದ್ರಾ?"

"ಈಜು ಬತ್ತನೆ ಹೇಳಿ ಯಾರಾದ್ರೂ ಹೆಂಡ್ತಿ ಹತ್ರ ಕೇಳ್ತ್ವಾ?"

"ಹಂಗಾರೆ ಹೇಳ್ತ್ವಿಲ್ಲೆ" ಅಂದಳು. ಮುಂದೆ ಶಿರಸಿ ಬರುವವರೆಗೆ ನಾನು ಸ್ಟೇರಿಂಗು ಹಿಡಿದು ಒಂದೇ ಲೆಕ್ಕ ಹಾಕುತ್ತಿದ್ದೆ: ಅವಳು ಈಜಿದ್ದನ್ನು ನೋಡಿದವರು ಯಾರ್ಯಾರು? ಅತ್ತೆ, ಅಕ್ಕ, ಸುಬ್ರಾಯ, ಕೆರೆಯ ದಂಡೆಯಲ್ಲಿ ಮೇಯುತ್ತಿದ್ದ ದನಗಳು. ನೋಡದವನು ನಾನೊಬ್ಬ. ಇನ್ನೊಮ್ಮೆ ಅವಳು ನೀರಿಗಿಳಿದರೆ ಮೊದಲು ನಾನು ನೋಡಬೇಕು. ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಅದಾಗಲಿಲ್ಲ. ಹಬ್ಬ ಮುಗಿದ ಮರುವಾರದಿಂದಲೇ ಅವಳು ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋಗತೊಡಗಿದಳು. ಸುಬ್ರಾಯನ ಮನೆಯ ಕೆಳಗೆ ಹಳ್ಳ ತಿರುಗುವ ಜಾಗದಲ್ಲಿ ಒಂದು ಗುಂಡಿಯಿದೆಯಂತೆ. ಅಕ್ಕ ದಂಡೆಯ ಮೇಲೆ, ಇವಳು ನೀರಲ್ಲಿ, ಸುಬ್ರಾಯ ಕಲ್ಲಿನ ಮೇಲೆ ಟವೆಲ್ ಹಿಡಿದು. "ನೀವೂ ಬನ್ನಿ" ಎಂದು ಒಂದು ಮಾತು ಕರೆಯಲಿಲ್ಲ. ಕರೆಯದೆ ಹೋಗಲು ನನಗೂ ಒಂದು ಮರ್ಯಾದೆ ಇದೆಯಲ್ಲ. ಹೋಗಿ ಎಂತ ಮಾಡುವುದು, ಎರಡನೇ ಟವೆಲ್ ಹಿಡಿಯುವುದೇ?

ಸಂಜೆ ಒದ್ದೆ ಕೂದಲು ಬಿಟ್ಟುಕೊಂಡು ಬರುತ್ತಿದ್ದಳು. ಮುಖದಲ್ಲಿ ಒಂದು ಹೊಳಪು ಇರುತ್ತಿತ್ತು, ನಾನು ಯಾವ ದಸರೆಗೆ ಯಾವ ಸೀರೆ ಕೊಡಿಸಿದಾಗಲೂ ಕಾಣದಿದ್ದದ್ದು. "ಭಾವ ಹೇಳ್ದ, ಉಸಿರು ಬಿಡೂದು ನೀರಲ್ಲೇ ಬಿಡಕಡ." "ಭಾವ ಹೇಳ್ದ, ಕಾಲು ಗಟ್ಟಿ ಮಾಡಲಾಗದಡ." ಭಾವ ಹೇಳದೆ ಇದ್ದದ್ದು ಯಾವುದೂ ಇರಲಿಲ್ಲ. ನಾನು ನೆಗಡಿ, ಕಿವಿಸೋರು, ಹಳ್ಳದ ನೀರಿನಿಂದ ಬರುವ ಜ್ವರ ಇವುಗಳ ಬಗ್ಗೆ ಹೇಳಿದೆ. ಅವಳು ಕೂದಲು ಒರೆಸಿಕೊಂಡಳು.

ನನಗೆ ಈಜು ಬಾರದಿರುವುದಕ್ಕೆ ಪೂರ್ತಿ ನಾನೇ ಕಾರಣನಲ್ಲ. ನನ್ನ ಜಾತಕದಲ್ಲಿ ನೀರಿನಿಂದ ಪ್ರಾಣಕ್ಕೆ ಅಪಾಯ, ಜಲಗಂಡವಿದೆಯೆಂದು ಯಾರೋ ಜೋಯಿಸರು ಹೇಳಿದ್ದರಿಂದ ಹೆತ್ತ ಆಯಿ ನನ್ನನ್ನು ಹೊಳೆಯ ಬದಿಗೂ ಬಿಟ್ಟವಳಲ್ಲ. ಓರಗೆಯ ಹುಡುಗರೆಲ್ಲ ಒಣಸೋರೆಬುರುಡೆ ಕಟ್ಟಿಕೊಂಡು ಹೊಳೆ ಕಲಕುವಾಗ ನಾನು ಮನೆಯಲ್ಲಿ ಅಮರಕೋಶ ಉರು ಹೊಡೆಯುತ್ತಿದ್ದೆ. ಅದರಲ್ಲಿ ನೀರಿಗೆ ಎಷ್ಟು ಹೆಸರಿದೆಯೋ ಅಷ್ಟೂ ನನಗೆ ಬರುತ್ತದೆ. ಆಯಿ ತೀರಿಕೊಂಡು ಆಗ ವರ್ಷ ಕಳೆದಿತ್ತು. ಇನ್ನು ಕಲಿತರೆ ಬೈಯುವವರಿಲ್ಲವೆಂದುಕೊಂಡು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, ಬಚ್ಚಲಿನ ಬಾಲ್ದಿಯಲ್ಲಿ ಮುಖ ಮುಳುಗಿಸಿ ಉಸಿರು ಕಟ್ಟುವ ಅಭ್ಯಾಸ ಶುರುಮಾಡಿದೆ. ಆಮೇಲೆ ಮೆತ್ತಿಯ ಮೇಲೆ ಬೆಂಚಿನಲ್ಲಿ ಬೋರಲು ಮಲಗಿ ಕೈಕಾಲು ಬಡಿಯುವುದು. ಒಂದು ದಿನ ಪ್ರೀಮಿಯಂ ಕಟ್ಟಲು ಬಂದವರೊಬ್ಬರು ಏಣಿ ಹತ್ತಿ ಬಂದೇ ಬಿಟ್ಟರು. "ಎಂತ ಆತು ಹೆಗಡೇರೇ! ಮೂರ್ಛೆಯಾ?" ಎಂದು ನನ್ನ ಕೈಗೆ ಬೀಗದ ಕೈ ಕೊಡಲು ಹುಡುಕಾಡಿದರು. ಸೊಂಟ ಹಿಡಿದದ್ದು ಬಿಟ್ಟರೆ ಆ ವಿದ್ಯೆಯಿಂದ ಮತ್ತೇನೂ ಬರಲಿಲ್ಲ.

ಮತ್ಸರದಲ್ಲಿ ನನಗೆ ಒಂದೇ ಒಂದು ಜಯ ಸಿಕ್ಕಿತು. ಅದು ದಿನ ಗೊತ್ತುಮಾಡುವ ವಿಷಯದಲ್ಲಿ. ಸುಬ್ರಾಯ ಒಂದು ಭಾನುವಾರ ಹೇಳಿದ. ಅತ್ತೆ ಒಪ್ಪಲಿಲ್ಲ. ಬೋಟಿನ ಹೆಸರು ಕೇಳಿದಾಗಿನಿಂದ ಎಪ್ಪತ್ತೆಂಟರ ಆ ಜೀವ ತಾನೂ ಬರುವುದೆಂದು ಕೂತಿತ್ತು. ಆದರೆ ಕಂಡಕಂಡ ದಿನ ಸಮುದ್ರ ಮುಟ್ಟುವ ಕ್ರಮ ಇಲ್ಲ, ಪರ್ವಕಾಲ ಬೇಕು. ನಾನು ಪಂಚಾಂಗ ತೆಗೆದು, "ಅತ್ತೆ ಹೇಳೂದು ಸರಿ. ಎಳ್ಳಮಾಸೆ ಇದ್ದು. ಅದಕ್ಕಿಂತ ದೊಡ್ಡ ಸಮುದ್ರಸ್ನಾನ ಯಾವ್ದಿದ್ದು?" ಅಂದೆ. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಮೊದಲ ಬಾರಿಗೆ ತುಪ್ಪವಿತ್ತು. ಸುಬ್ರಾಯ ಸೋತು, "ಆತು, ಎಳ್ಳಮಾಸೆಯೇ ಆಗ್ಲಿ" ಅಂದ.

ಆಮೇಲಿನ ದಿನಗಳಲ್ಲಿ ನಾನು ಚಿಂತೆ ಮಾಡದೆ ಬಿಟ್ಟದ್ದೇನಿಲ್ಲ. ಬೋಟಿನ ಇಂಜಿನು, ಜಾಕೆಟ್ಟಿನ ದಾರ, ಮುಟ್ಟಿದರೆ ಉರಿಯುವ ಅಂಬಲಿ ಮೀನು, ಅತ್ತೆಯ ಬಿಪಿ, ದೇವಿಮನೆ ಘಟ್ಟದ ತಿರುವು. ಬೋಟಿನವನಿಗೆ ಎಷ್ಟು ಸಲ ಫೋನು ಮಾಡಿದೆನೆಂದರೆ ಅವನು ನನ್ನ ದನಿ ಕೇಳಿಯೇ "ಮುಳುಗುದಿಲ್ಲ ಒಡೆಯಾ" ಅನ್ನತೊಡಗಿದ. ಆದರೆ ಅಮಾವಾಸ್ಯೆಗೂ ಸಮುದ್ರದ ನೀರಿಗೂ ಇರುವ ಸಂಬಂಧ ನನ್ನ ತಲೆಗೆ ಬರಲಿಲ್ಲ. ಘಟ್ಟದ ಮೇಲಿನವರಿಗೆ ಅಮಾವಾಸ್ಯೆ ಎಂದರೆ ಪಂಚಾಂಗದ ಒಂದು ಸಾಲು. ಆ ದಿನ ನೀರು ಬೇರೆ ದಿನಕ್ಕಿಂತ ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ ಎಂಬುದು ಕೆರೆ ಬಾವಿಯ ಜನಕ್ಕೆ ಯಾಕೆ ಗೊತ್ತಿರಬೇಕು?

ಹಿಂದಿನ ದಿನ ಶೈಲಾ ಚೀಲ ತುಂಬುತ್ತಾ, "ನಿಮಗೆ ಕಷ್ಟ ಆಗ್ತು. ಬರದಿದ್ರೂ ಅಡ್ಡಿಲ್ಲೆ" ಅಂದಳು.

ಆ ಮಾತು ನನ್ನನ್ನು ಬೆಳಗಿನವರೆಗೂ ಕೊರೆಯಿತು. ಅಡ್ಡಿಲ್ಲವಂತೆ. ಯಾರಿಗೆ ಅಡ್ಡಿಲ್ಲ?

ಬೋಟಿನವನ ಹೆಸರು ದಯಾನಂದ. ಕಪ್ಪು ಕನ್ನಡಕ, ಕತ್ತಿಗೆ ದಪ್ಪ ಸರ, ಎರಡು ಮೊಬೈಲು. ಎಳ್ಳಮಾಸೆಯ ಜನಜಂಗುಳಿಯಲ್ಲಿ ಅವನಿಗೆ ಪುರುಸೊತ್ತಿರಲಿಲ್ಲ. ನನ್ನ ಮೈಗೆ ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿಯುತ್ತಾ, "ನೀವೇ ಅಲ್ದಾ ಫೋನಿನ ಹೆಗಡೇರು? ಎಂತ ಹೆದರುಕೆ ಇಲ್ಲ. ಮೂರು ಗಂಟೆ ಒಳಗೆ ಅಳಿವೆಗೆ ಬಂದ್ ಮುಟ್ಟುವ, ಅಷ್ಟೇ. ಆಮೇಲೆ ಅಲ್ಲಿ ಬೋಟಿಗೆ ನೀರು ಸಾಲುದಿಲ್ಲ" ಅಂದ. ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಬಾಯಿ. ನಾವು ಹೊರಟದ್ದು ಅಲ್ಲಿಂದಲೇ. ಬೆಳಗ್ಗೆ ಅದು ತುಂಬಿ ನಿಂತಿತ್ತು.

ಅತ್ತೆ ಸೀರೆಯ ಮೇಲೆ ಜಾಕೆಟ್ಟು ತೊಟ್ಟು ಮುಂದಿನ ಸೀಟಿನಲ್ಲಿ ಕೂತರು. ಬೋಟು ಮೂತಿ ಎತ್ತಿ ಹಾರಿದಾಗ ಕಿರುಚಿದ್ದು ಅವರಲ್ಲ, ನಾನು. ಪ್ರತಿ ತೆರೆಗೂ ಬೋಟು ಮೇಲೆದ್ದು ತಪ್ಪನೆ ಬೀಳುತ್ತಿತ್ತು. "ಘಟ್ಟದ ಬಸ್ಸಿಗಿಂತ ಅಡ್ಡಿಲ್ಲೆ" ಅಂದರು ಅತ್ತೆ. ಸುಬ್ರಾಯ ಸೀಟಿನ ತುದಿಯಲ್ಲಿ ಕಾಲು ಚಾಚಿ ಕೂತು, ನೀರಿಗೆ ಕೈಬಿಟ್ಟು, ಶೈಲಾಗೆ ಏನೋ ಕೂಗಿ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಇಂಜಿನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕೇಳಿಸದ ನಗುವಿನಷ್ಟು ಉರಿಸುವುದು ಮತ್ತೊಂದಿಲ್ಲ.

ಮೊದಲ ದ್ವೀಪ ಬರೀ ಕಲ್ಲು. ಅದರ ಮಗ್ಗುಲಲ್ಲಿ ಗಾಳಿ ತಾಗದ ಒಂದು ತಾವು, ನೀರು ಹಸಿರಾಗಿ, ತಳದ ಬಂಡೆ ಕಾಣುವಷ್ಟು ತಿಳಿಯಾಗಿ. ದಯಾನಂದ ಇಂಜಿನು ನಿಲ್ಲಿಸಿ ಲಂಗರು ಬಿಟ್ಟ. "ಈಜುವವ್ರು ಇಲ್ಲಿ ಇಳಿರಿ."

ಓಡುವಾಗ ಹಿಡಿದುಕೊಂಡಿದ್ದದ್ದೆಲ್ಲ ಬೋಟು ನಿಂತ ಮೇಲೆ ಮೇಲೆ ಬಂತು. ಬೋಟು ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು, ನೀಲಿ ಹೊಗೆ ನಮ್ಮ ಮೇಲೇ ಕವಿದಿತ್ತು. ಸುಬ್ರಾಯ ಅಂಗಿ ತೆಗೆದು ಧುಮುಕಿದ. ನಾನು ಕಣ್ಣನ್ನು ಶೈಲಾಳ ಮೇಲೇ ನೆಟ್ಟು ಕೂತಿದ್ದೆ. ಎಷ್ಟು ತಿಂಗಳಿಂದ ಕಾದದ್ದು. ಅವಳು ಜಾಕೆಟ್ಟು ಬಿಚ್ಚಿದಳು. ಹಳೆಯ ಹಸಿರು ಚೂಡಿದಾರ. ಸೆರಗಿನ ಬದಲು ವೇಲನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಬೋಟಿನ ಅಂಚಿಗೆ ಕೂತಳು. ಕೂತೇ ಇದ್ದಳು. ಒಮ್ಮೆ ನನ್ನನ್ನು ನೋಡಿದಳು.

"ಹಾರು ತಂಗಿ!" ಸುಬ್ರಾಯ ನೀರಿನಿಂದ ಕೂಗಿದ.

ಅವಳು ಹಾರಲಿಲ್ಲ. ನನ್ನ ಹೊಟ್ಟೆ ಕಾಯಲಿಲ್ಲ. ಪ್ಲಾಸ್ಟಿಕ್ ಚೀಲದ ಕೊಟ್ಟೆ ಹಿಡಿದು ಈಚೆ ಬದಿಗೆ ತಿರುಗಿದೆ, ತಲೆ ಬಗ್ಗಿಸಿದೆ. ಹಿಂದೆ ನೀರು ಒಡೆದ ಸದ್ದು ಕೇಳಿತು. ಸದ್ದೆಂದರೆ ದೊಡ್ಡದೇನಲ್ಲ, ಎಲೆಯ ಮೇಲೆ ಅನ್ನ ಬಿದ್ದಷ್ಟು. ಅಕ್ಕ ಚಪ್ಪಾಳೆ ತಟ್ಟಿದಳು. ದಯಾನಂದ ಕೂಡ, "ಅಬ್ಬಬ್ಬಾ, ಮೇಲಿನೋರಿಗೆ ಹಿಂಗೆ ಈಜುಕೆ ಬರ್ತದ್ಯಾ!" ಅಂದ. ನಾನು ಬೆಳಗಿನ ದೋಸೆಯನ್ನೂ ಹಿಂದಿನ ದಿನದ ಅನ್ನವನ್ನೂ ಪಿತ್ತವನ್ನೂ ಕೊಟ್ಟೆಗೆ ಒಪ್ಪಿಸಿ ತಲೆಯೆತ್ತುವ ಹೊತ್ತಿಗೆ ಶೈಲಾ ಬೋಟು ಹತ್ತಿ, ಟವೆಲ್ ಹೊದ್ದು, ಹಲ್ಲು ಕಟಕಟ ಅನ್ನಿಸುತ್ತಾ ಕೂತಿದ್ದಳು.

"ತಲೆಬಿಸಿ ಮಾಡಡ, ವಿಡಿಯೋ ತೆಗದ್ದಿ" ಎಂದು ಅಕ್ಕ ಸುಬ್ರಾಯನ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು.

ನಾನು ಮುಖ ತಿರುಗಿಸಿದೆ. ವಾಂತಿಯ ನೆಪವಿತ್ತು. ನನ್ನ ಹೆಂಡತಿಯ ಈಜನ್ನು ಸುಬ್ರಾಯನ ಮೊಬೈಲಿನಲ್ಲಿ ನೋಡುವಷ್ಟು ನಾನು ಕೆಳಗಿಳಿದಿರಲಿಲ್ಲ.

"ಇನ್ನೊಂದ್ಸಲ ಇಳೀತ್ಯನೆ?" ಎಂದು ಶೈಲಾಳ ಹತ್ತಿರ ಮೆಲ್ಲಗೆ ಕೇಳಿದೆ.

"ಸಾಕು, ಚಳಿ" ಅಂದಳು.

ಎರಡನೇ ದ್ವೀಪದಲ್ಲಿ ಒಂದು ತುಂಡು ಮರಳಿತ್ತು, ಅದರ ಮೇಲೆ ಮುಂಡುಗದ ಪೊದೆಯ ನೆರಳು. ಅತ್ತೆ ಸಂಕಲ್ಪ ಹೇಳಿಸಿಕೊಂಡು ಚೊಂಬಿನಿಂದ ತಲೆಗೆ ಸಮುದ್ರ ಹಾಕಿಕೊಂಡರು. ಆಮೇಲೆ ಊಟ. ಬೇರೆ ಜನ ದ್ವೀಪಕ್ಕೆ ಬಿಸ್ಕತ್ತಿನ ಪೊಟ್ಟಣ ಒಯ್ಯುತ್ತಾರೆ. ನಮ್ಮವರು ಬಾಳೆಲೆ ಒಯ್ದಿದ್ದರು. ಎಲೆಯ ತುದಿ ಎಡಕ್ಕೆ ಬರುವಂತೆ ಹಾಸಿ, ನೀರು ಚಿಮುಕಿಸಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಚಿತ್ರಾನ್ನ, ಥರ್ಮಾಸಿನಲ್ಲಿ ಉಪ್ಪುಮಾವಿನಕಾಯಿಯ ತಿಳಿಸಾರು, ಅಪ್ಪೆಹುಳಿ. ಗಾಳಿಗೆ ಎಲೆ ಹಾರದಂತೆ ನಾಲ್ಕು ಮೂಲೆಗೂ ಶಂಖದ ಚಿಪ್ಪು. ದಯಾನಂದ ದೂರದಿಂದ, "ಬೇಗ ಬೇಗ" ಎಂದು ಕೂಗಿದ. ಅಕ್ಕ ಅವನಿಗೂ ಒಂದು ಎಲೆ ಹಾಕಿದಳು. ಅಲ್ಲಿಗೆ ಅವನೂ ಸುಮ್ಮನಾದ. ಮಜ್ಜಿಗೆಗೆ ಬರುವ ಹೊತ್ತಿಗೆ ಅವನು ಎರಡನೇ ಸಲ ಅಪ್ಪೆಹುಳಿ ಕೇಳುತ್ತಿದ್ದ. ಎರಡನೇ ಸಲದ ಚಿತ್ರಾನ್ನ ಸುಬ್ರಾಯನಿಂದ ಶುರುವಾಯಿತು. ಎಳ್ಳುಂಡೆ ತಿಂದು, ಕವಳ ಹಾಕಿ, ಎಲೆ ಎತ್ತಿ, ಗೋಮಯ ಇಲ್ಲವೆಂದು ಅತ್ತೆ ಬೇಜಾರು ಮಾಡಿಕೊಂಡು, ಕೊನೆಗೆ ಬೋಟು ಹತ್ತಿದೆವು.

ಅಳಿವೆಯ ಬಾಯಿಗೆ ಬಂದಾಗ ಬೆಳಗಿನ ಅಳಿವೆ ಅಲ್ಲಿರಲಿಲ್ಲ. ನಾವು ಹಾರಿಕೊಂಡು ಹೋದ ನೀರಿನ ಜಾಗದಲ್ಲಿ ಮರಳಿನ ಬೆನ್ನು ಎದ್ದಿತ್ತು, ಅದರ ಮೇಲೆ ಹಕ್ಕಿಗಳು ಓಡಾಡುತ್ತಿದ್ದವು. ದಯಾನಂದ ಒಂದು ಸೀಳಿನಲ್ಲಿ ನುಗ್ಗಿಸಿ ನೋಡಿದ. ಬೋಟು ಕರ್ರೆಂದು ಕೂತುಬಿಟ್ಟಿತು. ಇಳಿದು ನೂಕಿದ, ಸುಬ್ರಾಯ ನೂಕಿದ, ನಾನೂ ಇಳಿದು ನೂಕಿದಂತೆ ಮಾಡಿದೆ.

"ಆಗುದಿಲ್ಲ" ಎಂದು ದಯಾನಂದ ಕನ್ನಡಕ ತೆಗೆದ. "ಅಮಾಸೆ ಅಲ್ದಾ, ಪೂರಾ ಇಳದದೆ. ಇನ್ನು ನೀರು ಏರುಕೆ ಕಾಯ್ಬೇಕು. ಊಟ ಬೇಗ ಮುಗ್ಸಿದ್ರೆ ಆತಿತ್ತು."

"ನೀನು ಎರಡು ಸಲ ಅಪ್ಪೆಹುಳಿ ಹಾಕ್ಸಕಂಡ್ಯಲ" ಅಂದಳು ಅಕ್ಕ.

ಹೀಗೆ, ಎಳ್ಳಮಾಸೆ ಎಂದು ಹಟ ಹಿಡಿದವನು ನಾನೇ ಆದ್ದರಿಂದ ಎಲ್ಲರೂ ನನ್ನ ಕಡೆ ಒಮ್ಮೆ ನೋಡಿ, ಮರಳಿನ ಮೇಲೆ ಇಳಿದು ಕೂತರು. ಅತ್ತೆ ಖಾಲಿ ಪಾತ್ರೆಯನ್ನು ಮಗುಚಿ ಅದರ ಮೇಲೆ. ಬಿಸಿಲು ಇನ್ನೂ ಇತ್ತು. ಮರಳಿನ ಆಚೆ, ದಡಕ್ಕೂ ನಮಗೂ ನಡುವೆ, ಹೊಳೆಯ ಆಳದ ಪಟ್ಟಿಯೊಂದು ಅಲುಗದೆ ಮಲಗಿತ್ತು. ಅದನ್ನು ನೋಡುತ್ತಾ ನನ್ನ ಆಸೆ ಮತ್ತೆ ತಲೆಯೆತ್ತಿತು.

"ಅಲ್ಲಿ ಈಜಲಾಗ್ತನ?" ದಯಾನಂದನನ್ನು ಕೇಳಿದೆ.

"ಈಗ ನೀರು ನಿಂತದೆ. ಅಡ್ಡಿಲ್ಲ."

"ಶೈಲಾ, ಒಂದ್ಸಲ ಇಳಿ. ಆನು ನೋಡಿದ್ನಿಲ್ಲೆ."

"ಬೇಡ."

"ಅವ ಹೇಳಿದ್ರೆ ಹಾರ್ತೆ, ಆನು ಹೇಳಿದ್ರೆ ಬೇಡ!" ಇಷ್ಟು ದಿನದ್ದು ಬಾಯಿಗೆ ಬಂದೇ ಬಿಟ್ಟಿತು. "ಎಲ್ಲರೂ ನೋಡಕ್ಕು, ಬೋಟಿನವ ನೋಡಕ್ಕು, ಆನೊಬ್ಬವ ನೋಡಲಾಗ."

ಸುಬ್ರಾಯ ಕಾಲ್ಬೆರಳಿಂದ ಮರಳು ಕೆದಕಿದ. ಅತ್ತೆಯೇ ಬಾಯಿ ಬಿಟ್ಟದ್ದು.

"ಶೈಲಾನ ತಪ್ಪಲ್ಲ ತಮಾ. ನಿನ್ನ ಆಯಿ ಸಂಬಂಧ ಗಟ್ಟಿ ಮಾಡಲೆ ಬಂದಾಗ ಚಿನ್ನ ಕೇಳಿದ್ದಿಲ್ಲೆ, ಬೆಳ್ಳಿ ಕೇಳಿದ್ದಿಲ್ಲೆ. ಒಂದೇ ಮಾತು ಕೇಳ್ತು. 'ನಿಮ್ಮ ಕೂಸು ಈಜ್ತು ಹೇಳಿ ಸುದ್ದಿ ಇದ್ದು. ಯಮ್ಮನೆ ಮಾಣಿಗೆ ಜಲಗಂಡ. ಅದು ನೀರಿಗೆ ಇಳಿದ್ರೆ ಇವ ಹಿಂದಿಂದ ಇಳೀತ. ಈಜು ಬತ್ತಿಲ್ಲೆ. ಬರದಿದ್ರೂ ಇಳೀತ. ಅದಕ್ಕೆ ಅವ ಇದ್ದಲ್ಲಿ ಇಳಿಯದು ಬೇಡ' ಹೇಳಿ."

ನಾನು ಶೈಲಾಳನ್ನು ನೋಡಿದೆ. ಅವಳು ವೇಲಿನ ತುದಿ ಹಿಂಡುತ್ತಿದ್ದಳು.

"ನಿಮ್ಮ ಆಯಿ ಇಪ್ಪಷ್ಟು ದಿನ ಪೂರ್ತಿ ಬಿಟ್ಟಿದ್ದಿ" ಅಂದಳು. "ಈಗ ನೀವು ಇಲ್ಲದಲ್ಲಿ ಮಾತ್ರ. ಇವತ್ತೂ ನೀವು ಕೊಟ್ಟೆ ಹಿಡ್ಕಂಡು ಆ ಬದಿಗೆ ತಿರುಗ್ಲಿ ಹೇಳಿಯೇ ಕಾದು ಕೂತಿದ್ದಿ."

ಇಂಥ ಮಾತು ಕೇಳಿದ ಗಂಡ ಏನು ಹೇಳಬೇಕೋ ನನಗೆ ಈಗಲೂ ಗೊತ್ತಿಲ್ಲ. ನಾನು ಕೇಳಿದ್ದು ಇದು: "ಇದು ಸುಬ್ರಾಯಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾರಾಯ" ಅಂದ ಸುಬ್ರಾಯ, ಮರಳಿನಿಂದ ಕಣ್ಣೆತ್ತದೆ.

ಉರಿ ಆರಲಿಲ್ಲ. ಇನ್ನೂ ಹೆಚ್ಚಿತು. ನನಗಾಗಿ ಬಿಟ್ಟದ್ದನ್ನೂ ನನಗಿಂತ ಮೊದಲು ತಿಳಿದುಕೊಂಡವನು ಅವನೇ! ಆಮೇಲೆ ಆಯಿಯ ಮೇಲೆ ಸಿಟ್ಟು ಬಂತು. ಗ್ಯಾಸಿನ ಗುಂಡಿ ಮುಟ್ಟಿ ಮುಟ್ಟಿ ನೋಡುವ ಈ ಪ್ರಾಣಿಯನ್ನು, ಬಾಲ್ದಿಯಲ್ಲಿ ಮುಖ ಅದ್ದಿ ಕೆಮ್ಮುವ ಈ ವೀರನನ್ನು, ಹೆತ್ತವಳೇ ಇಷ್ಟು ತಪ್ಪಾಗಿ ತಿಳಿಯುವುದೇ?

"ಆಯಿಗೆ ಯನ್ನ ಮೇಲೆ ವಿಪರೀತ ಅಭಿಮಾನ" ಅಂದೆ. "ಆನು ಹಿಂದೆ ಇಳಿಯೂದಾ? ಇಲ್ಲೇ ಕೂರ್ತೆ. ಜಾಕೆಟ್ಟು ಬಿಚ್ತಿಲ್ಲೆ. ನೀನು ಹೋಗು."

"ಆಣೆ?"

"ಆಣೆ."

ಅವಳು ಎದ್ದು, ವೇಲು ಬಿಗಿದು, ಮರಳಿನ ಅಂಚಿನವರೆಗೆ ನಡೆದು, ನೀರಿಗೆ ಒರಗಿದಳು. ಹಾರಿದ್ದಲ್ಲ. ಹಾಸಿಗೆಗೆ ಒರಗುವ ಹಾಗೆ. ಕೈ ಮುಂದೆ ಹೋಯಿತು, ಮೈ ಅದರ ಹಿಂದೆ ಹೋಯಿತು. ನೀರಿನ ಮೇಲೆ ಒಂದು ಗೆರೆ ಎದ್ದು ಎರಡಾಗಿ ಬಿಚ್ಚಿಕೊಂಡು ಹೋಯಿತು, ಅಷ್ಟೇ. ಸುಬ್ರಾಯ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮನೆಯಲ್ಲಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಹೆಂಗಸು ಅಲ್ಲಿ ಇರಲಿಲ್ಲ. ಯಾವ ಭಾರವೂ ಇಲ್ಲದ ಯಾರೋ ಒಬ್ಬಳು ಬಿಸಿಲು ಬಿದ್ದ ನೀರನ್ನು ಮೆಲ್ಲಗೆ ಸರಿಸುತ್ತಾ ದೂರವಾಗುತ್ತಿದ್ದಳು. ನಾನು ನೋಡುತ್ತಿದ್ದೇನೆಯೇ ಎಂದು ಒಮ್ಮೆಯೂ ತಿರುಗಲಿಲ್ಲ. ಅವಳಿಗೆ ಯಾರೂ ಬೇಕಾಗಿರಲಿಲ್ಲ. ನಾನು ಇಷ್ಟು ದಿನ ಸುಬ್ರಾಯನ ಮೇಲೆ ಹೊಟ್ಟೆಕಿಚ್ಚು ಪಟ್ಟು ಕಾಲ ಹಾಳು ಮಾಡಿದ್ದೆ. ಪಡಬೇಕಾದದ್ದು ಆ ನೀರಿನ ಮೇಲೆ.

ನಡುವೆ ಮೀನುಬಲೆಯ ಗೂಟವೊಂದಿತ್ತು. ಅದರ ಹತ್ತಿರ ಅವಳ ತಲೆ ಒಳಗೆ ಹೋಯಿತು. ನಾನು ಅದು ಮೇಲೆ ಬರುವುದನ್ನು ಕಾದೆ. ಗೂಟ ಇತ್ತು, ಗೂಟದ ಮೇಲೆ ಹಕ್ಕಿ ಇತ್ತು, ತಲೆ ಇರಲಿಲ್ಲ.

"ಏ! ಏ ತಮಾ! ಎಲ್ಲಿಗೆ ಹೋಗ್ತ್ಯೋ?" ಹಿಂದಿನಿಂದ ಸುಬ್ರಾಯನ ಕೂಗು.

ಯಾರನ್ನು ಕೂಗುತ್ತಿದ್ದಾನೆಂದು ಕೆಳಗೆ ನೋಡಿದೆ. ನನ್ನ ಅಂಗಿಯ ಕಿಸೆಯವರೆಗೆ ನೀರಿತ್ತು. ಜಾಕೆಟ್ಟು ಉಬ್ಬಿ ಕಿವಿಯ ಎರಡೂ ಬದಿಗೆ ನಿಂತಿತ್ತು. ಇನ್ನೊಂದು ಹೆಜ್ಜೆ ಹಾಕಿದೆ, ಕಾಲಿಗೆ ಏನೂ ಸಿಗಲಿಲ್ಲ. ನಾನು ಯಾವಾಗ ಎದ್ದೆ, ಯಾವಾಗ ನಡೆದೆ, ದೇವರಾಣೆಗೂ ನನಗೆ ಗೊತ್ತಿಲ್ಲ. ಕನ್ನಡಕ ಹೋಯಿತು. ಬಾಯಿಗೆ ಉಪ್ಪು ಬಂತು. ಆಮೇಲೆ ಯಾರೋ ಹಿಂದಿನಿಂದ ನನ್ನ ಜಾಕೆಟ್ಟಿನ ಪಟ್ಟಿಯನ್ನು ಎಮ್ಮೆಯ ಹಗ್ಗ ಹಿಡಿದಂತೆ ಹಿಡಿದು, ಒಂದೇ ಕೈಯಲ್ಲಿ ಈಜುತ್ತಾ, ದರದರನೆ ಮರಳಿಗೆ ಎಳೆದು ತಂದು ಹಾಕಿದರು.

"ಮುಳುಗಿ ತಳ ಮುಟ್ಟಿ ನೋಡ್ತಿದ್ದಿ ಆನು!" ಶೈಲಾ ಏದುಸಿರು ಬಿಡುತ್ತಾ ನನ್ನ ಮೇಲೆ ಬಗ್ಗಿ ಕೂಗುತ್ತಿದ್ದಳು. "ಆಣೆ ಹಾಕಿದ್ದು ಎಂತಕ್ಕೆ? ಹಾಂ? ಎಂತಕ್ಕೆ ಆಣೆ ಹಾಕಿದ್ದು?" ಅವಳ ಕೂದಲಿಂದ ನೀರು ನನ್ನ ಮುಖದ ಮೇಲೆ ಸುರಿಯುತ್ತಿತ್ತು. ಅಳುತ್ತಿದ್ದಳೋ ಏನೋ, ಕನ್ನಡಕವಿಲ್ಲದೆ ತಿಳಿಯಲಿಲ್ಲ.

"ಬೀಗಿತ್ತಿ ಮನುಷ್ಯರ ಗುರ್ತು ಇದ್ದ ಹೆಂಗಸು" ಅಂದರು ಅತ್ತೆ, ಪಾತ್ರೆಯ ಮೇಲಿಂದ.

ನೀರು ಏರಿ ಬೋಟು ತೇಲಿದಾಗ ಹೊತ್ತು ಮುಳುಗಿತ್ತು. ಘಟ್ಟ ಹತ್ತುವಾಗ ಶೈಲಾ ನನ್ನ ಪಕ್ಕ ಕೂತು ಶಿರಸಿಯವರೆಗೂ ನನ್ನ ಒದ್ದೆ ತೋಳನ್ನು ಹಿಡಿದೇ ಇದ್ದಳು. ಪ್ರೀತಿಗೋ, ಇನ್ನೆಲ್ಲಿಗಾದರೂ ಇಳಿದೇನೆಂದೋ, ಕೇಳಲಿಲ್ಲ.

ಅವಳು ಈಗಲೂ ಭಾನುವಾರ ಯಲ್ಲಾಪುರಕ್ಕೆ ಹೋಗುತ್ತಾಳೆ. ನಾನು ಬರಕೂಡದು ಎಂಬುದು ಈಗ ಬಾಯಿಬಿಟ್ಟು ಹೇಳಿದ ಶರತ್ತು. ಸುಬ್ರಾಯ ನೋಡಬಹುದು, ಅಕ್ಕ ನೋಡಬಹುದು, ಹಳ್ಳಕ್ಕೆ ನೀರು ಕುಡಿಯಲು ಬರುವ ದನಕರು ನೋಡಬಹುದು. ಹಿಂದಿಂದ ಇಳಿಯುವವನು ನಾನೊಬ್ಬನೇ ಆದ್ದರಿಂದ ನನಗೊಬ್ಬನಿಗೇ ಇಲ್ಲ. ಸಂಜೆ ಒದ್ದೆ ಕೂದಲಲ್ಲಿ ಬಂದಾಗ "ಹ್ಯಾಂಗಿತ್ತು?" ಎಂದು ಕೇಳುತ್ತೇನೆ. "ನೀರು ತಣ್ಣಗಿತ್ತು" ಅನ್ನುತ್ತಾಳೆ. ಅಷ್ಟೇ. ಹೆಚ್ಚಿಗೆ ತಿಳಿಯಬೇಕಾದರೆ ಸುಬ್ರಾಯನಿಗೆ ಫೋನು ಮಾಡಬೇಕು.

ನಾನು ಮಾಡುವುದಿಲ್ಲ.